ಮೊಯಮೊಯ: ಬೈಪಾಸ್ ಆದಮೇಲಿನ ವರ್ಷಗಳು

ಮೊಯಮೊಯ ಅನ್ನುವುದು ಮೆದುಳಿನ ರಕ್ತನಾಳಗಳು ಸಣ್ಣಗಾಗುವ ಕಾಯಿಲೆ; ಬೈಪಾಸ್ ಅಂದ್ರೆ ಅಲ್ಲಿಗೆ ರಕ್ತ ಹೋಗಲು ಇನ್ನೊಂದು ದಾರಿ ಮಾಡಿಕೊಡುವ ಆಪರೇಷನ್. ಅದರ ಬಗ್ಗೆ ಕಲಬುರಗಿಯಲ್ಲಿ ರೋಗಿಗಳ ಮನೆಯವರು, ನರ್ಸುಗಳು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಸ್ವಲ್ಪ ಮೊಟಕು ಮಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗೆ 42 ಡಿಗ್ರಿ ಬಿಸಿಲಿದೆ. ಮೆದುಳಿನ ರಕ್ತನಾಳದ ಬಗ್ಗೆ ಕೇಳೋಕೆ ಇಷ್ಟು ಜನ ಬರುತ್ತೀರಿ ಅಂತ ಕಾರ್ಯಕ್ರಮ ಇಟ್ಟವರೇ ನಂಬಿರಲಿಲ್ಲ, ಅರ್ಧ ಕುರ್ಚಿ ಮಾತ್ರ ಹಾಕಿಸಿದ್ದರು. ಹಿಂದೆ ನಿಂತವರು ವೇದಿಕೆಯ ಅಂಚಿನಲ್ಲೇ ಕೂತರೂ ನನಗೇನೂ ಬೇಜಾರಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಸರ್ಜನ್ ಅಲ್ಲ. ನರರೋಗದ ಡಾಕ್ಟರ್. ಬೆಂಗಳೂರಲ್ಲೋ ಹೈದರಾಬಾದಲ್ಲೋ ತಲೆ ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳಿದವರು ಆಮೇಲೆ ವರ್ಷಗಟ್ಟಲೆ ಬರುವುದು ನನ್ನಂಥವರ ಹತ್ತಿರ. ಬಂದು ಕೂತ ಕೂಡಲೇ ಕೇಳುವುದು ಒಂದೇ ಮಾತು: ‘ಆಪರೇಷನ್ ಆತಲ್ರೀ ಸಾಹೇಬ್ರ, ಇನ್ನ ಎಲ್ಲಾ ಮುಗೀತಲ್ಲ?’

ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ. ಮುಗಿದಿಲ್ಲ. ಆದರೆ ಅಪಾಯ ಬಹಳ ತಗ್ಗಿದೆ. ಎಷ್ಟು ತಗ್ಗಿದೆ, ಯಾರಿಗೆ ತಗ್ಗಿದೆ, ಅದಕ್ಕೆ ಏನು ಬೆಲೆ ಕೊಟ್ಟಿದ್ದೀರಿ, ಇದನ್ನು ತಿಳಿದುಕೊಂಡರೆ ಮುಂದಿನ ವರ್ಷಗಳನ್ನು ಕಳೆಯೋದು ಸುಲಭ.

ಕಾಯಿಲೆಯ ಬಗ್ಗೆ ಎರಡು ಮಾತು. ಕುತ್ತಿಗೆಯ ಎರಡೂ ಪಕ್ಕದಿಂದ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ತಲೆಬುರುಡೆಯ ಒಳಗೆ ಹೋಗಿ, ಕವಲೊಡೆಯುವ ಜಾಗದಲ್ಲಿ ಅವು ನಿಧಾನವಾಗಿ ಸಣ್ಣಗಾಗುತ್ತಾ ಬರುತ್ತವೆ. ಹೃದಯದ ನಾಳದಲ್ಲಿ ಕೊಬ್ಬು ಕಟ್ಟುವ ಹಾಗೆ ಅಲ್ಲ, ನಾಳದ ಒಳಗೋಡೆಯೇ ದಪ್ಪ ಆಗುತ್ತದೆ. ರಕ್ತ ಸಾಲದೆ ಮೆದುಳಿನ ಬುಡದಲ್ಲಿ ಕೂದಲಿನಂಥ ಸಣ್ಣ ಸಣ್ಣ ನಾಳಗಳು ಹಿಗ್ಗಿ, ಬಲೆ ಕಟ್ಟಿಕೊಂಡು, ಹೇಗೋ ಕೆಲಸ ನಡೆಸುತ್ತವೆ. ಆಂಜಿಯೋಗ್ರಾಮಿನಲ್ಲಿ ಆ ಬಲೆ ಹೊಗೆಯಂತೆ ಕಾಣುತ್ತದೆ. 1957ರಲ್ಲಿ ಜಪಾನಿನ ವೈದ್ಯರು ಈ ಕಾಯಿಲೆಯನ್ನು ಮೊದಲು ವರದಿ ಮಾಡಿದರು. 1969ರಲ್ಲಿ ಸುಜುಕಿ ಮತ್ತು ತಕಾಕು ಎಂಬ ಇಬ್ಬರು ಆ ಹೊಗೆಯನ್ನು ನೋಡಿ ಮೊಯಮೊಯ ಅಂತ ಹೆಸರಿಟ್ಟರು.

ತೊಂದರೆ ಬರುವುದು ಎರಡು ದಾರಿಯಲ್ಲಿ. ರಕ್ತ ಸಾಲದೆ ಮೆದುಳಿನ ಒಂದು ಭಾಗ ಸತ್ತರೆ ಅದು ಒಂದು ಬಗೆಯ ಲಕ್ವ. ಆ ಸಣ್ಣ ನಾಳಗಳು ವರ್ಷಗಟ್ಟಲೆ ಹೊರಲಾರದ ಭಾರ ಹೊತ್ತು ಕೊನೆಗೆ ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ. ಮಕ್ಕಳಲ್ಲಿ ಮೊದಲನೆಯದೇ ಜಾಸ್ತಿ. ದೊಡ್ಡವರಲ್ಲಿ ಎರಡೂ ಉಂಟು, ಅದರಲ್ಲೂ ಜಪಾನ್, ಕೊರಿಯಾ, ಚೀನಾ ಕಡೆಯ ದೊಡ್ಡವರಲ್ಲಿ ರಕ್ತಸ್ರಾವ ಹೆಚ್ಚು. ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸೂ ಎರಡು: ಹತ್ತು ವರ್ಷದ ಆಸುಪಾಸು ಒಮ್ಮೆ, ನಲವತ್ತರ ಆಸುಪಾಸು ಇನ್ನೊಮ್ಮೆ. ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ಜಪಾನಿನಲ್ಲಿ ಲಕ್ಷಕ್ಕೆ ಸುಮಾರು 6 ಜನರಿಗೆ ಇದೆ.

ನಲವತ್ತರ ಹೆಂಗಸಿಗೆ ಲಕ್ವ ಅಂದ್ರೆ ನಮ್ಮಲ್ಲಿ ಏನಾಗುತ್ತದೆ ಗೊತ್ತಲ್ಲ. ಆಳಂದ ಕಡೆಯ ಒಬ್ಬ ಹೆಣ್ಣುಮಗಳಿಗೆ ಊದುಗೊಳವೆಯಿಂದ ಒಲೆ ಊದುವಾಗ ಬಲಗೈಯಿಂದ ಚಮಚ ಜಾರಿ ಬೀಳುತ್ತಿತ್ತು. ಮಾತು ತೊದಲುತ್ತಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಸರಿ. ಮನೆಯವರು ನಿಶ್ಶಕ್ತಿ ಅಂದರು, ಟಾನಿಕ್ ತಂದರು. ಇನ್ನೊಬ್ಬರು ಗಾಳಿ ಸೋಕಿದೆ ಅಂದರು. ಒಲೆ ಊದುವುದಕ್ಕೂ ಕೈಗೂ ಏನು ಸಂಬಂಧ? ಜೋರಾಗಿ ಊದಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮೆದುಳಿನ ನಾಳಗಳು ಬಿಗಿಯುತ್ತವೆ. ಮೊದಲೇ ರಕ್ತ ಸಾಲದ ಭಾಗಕ್ಕೆ ಇನ್ನೂ ಕಡಿಮೆ ಆಗುತ್ತದೆ, ಕೈ ಸೋಲುತ್ತದೆ. ಜಪಾನಿನಲ್ಲಿ ಮಕ್ಕಳು ಬಿಸಿ ನೂಡಲ್ಸ್ ಊದುವಾಗ ಹೀಗಾಗುತ್ತದೆ ಅಂತ ಪುಸ್ತಕಗಳಲ್ಲಿದೆ. ನಮ್ಮಲ್ಲಿ ಒಲೆ, ಬಿಸಿ ಚಹಾ, ಸಾವಿನ ಮನೆಯಲ್ಲಿ ಬಿಕ್ಕಿ ಬಿಕ್ಕಿ ಅಳುವುದು. ಇಲ್ಲಿ ಕೂತ ನರ್ಸುಗಳು ಬೇರೆಲ್ಲ ಮರೆತರೂ ಇದನ್ನ ಮರೆಯಬೇಡಿ. ‘ಏನು ಮಾಡುವಾಗ ಹಿಂಗಾಯ್ತು?’ ಅಂತ ಕೇಳಿ. ಆ ಒಂದು ಪ್ರಶ್ನೆಯಿಂದ ಕಾಯಿಲೆ ತಿಂಗಳುಗಟ್ಟಲೆ ಮೊದಲೇ ಸಿಗಬಹುದು.

ಈಗ ಆಪರೇಷನ್. ಎಲ್ಲರೂ ಕಿವಿಯ ಮುಂದೆ ಬೆರಳಿಡಿ. ಮೆಲ್ಲಗೆ, ಒತ್ತಬೇಡಿ. ಮಿಡಿಯುತ್ತಿದೆ ಅಲ್ವಾ? ಅದು ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ನಾಳ. ಅದರ ಒಂದು ಕವಲನ್ನು ಬಿಡಿಸಿ, ಬುರುಡೆಯಲ್ಲಿ ಕಿಟಕಿಯಷ್ಟು ಮೂಳೆ ತೆಗೆದು, ಮೆದುಳಿನ ಮೇಲೆ ಹರಿಯುವ ಒಂದು ನಾಳಕ್ಕೆ ಹೊಲಿಯುತ್ತಾರೆ. ಮೆದುಳಿನ ಆ ನಾಳದ ಅಗಲ ಸುಮಾರು ಒಂದು ಮಿಲಿಮೀಟರ್. ಹೊಲಿಯುವ ನೈಲಾನ್ ದಾರ ತಲೆಗೂದಲಿಗಿಂತ ಎಷ್ಟೋ ತೆಳು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಆ ಸಣ್ಣ ನಾಳಕ್ಕೆ ಎರಡೂ ಕಡೆ ಕ್ಲಿಪ್ ಹಾಕಿ, ಅರ್ಧ ಗಂಟೆಯ ಒಳಗೆ ಸುತ್ತಲೂ ಹೊಲಿಗೆ ಮುಗಿಸಬೇಕು. ಕ್ಲಿಪ್ ತೆಗೆದಾಗ ಮೆದುಳಿನ ನಾಳ ಒಮ್ಮೆಲೇ ಕೆಂಪಗೆ ತುಂಬಿಕೊಳ್ಳುತ್ತದೆ. ಕಲಿಯುವಾಗ ಇದನ್ನು ಹತ್ತಿರದಿಂದ ನೋಡಿದ್ದೇನೆ. ಸರ್ಜನ್ ಆಗಲಿಲ್ಲ ಅಂತ ನನಗೆ ಹೊಟ್ಟೆಕಿಚ್ಚಾದದ್ದು ಆವಾಗ ಮಾತ್ರ. 1967ರಲ್ಲಿ ಜ್ಯೂರಿಚ್‌ನಲ್ಲಿ ಯಾಸಾರ್ಗಿಲ್ ಈ ಹೊಲಿಗೆಯನ್ನು ಮನುಷ್ಯರಲ್ಲಿ ಮಾಡಿ ತೋರಿಸಿದರು. ಮೊಯಮೊಯಕ್ಕೆ ಬಳಸಲು ಶುರುವಾದದ್ದು 1970ರ ದಶಕದಲ್ಲಿ.

ಇದನ್ನು ನೇರ ಬೈಪಾಸ್ ಅನ್ನುತ್ತಾರೆ. ಇನ್ನೊಂದು ವಿಧಾನದಲ್ಲಿ ನಾಳವನ್ನು ಹೊಲಿಯುವುದಿಲ್ಲ. ರಕ್ತ ಚೆನ್ನಾಗಿ ಹರಿಯುವ ನಾಳವನ್ನೋ ಸ್ನಾಯುವನ್ನೋ ಮೆದುಳಿನ ಮೇಲೆ ಹಾಸಿ ಬಿಡುತ್ತಾರೆ. ತಿಂಗಳುಗಳು ಕಳೆದಂತೆ ಅದರಿಂದ ಹೊಸ ನಾಳಗಳು ಬೆಳೆದು ಮೆದುಳಿಗೆ ಸೇರುತ್ತವೆ. ಮಕ್ಕಳಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಸರಿಯಾಗಿ ಬೆಳೆಯುವುದೇ ಇಲ್ಲ. ಅದಕ್ಕೇ ದೊಡ್ಡವರಿಗೆ ನೇರ ಬೈಪಾಸ್, ಇಲ್ಲಾಂದ್ರೆ ಎರಡನ್ನೂ ಸೇರಿಸಿ ಮಾಡುವುದು ರೂಢಿ.

ಎರಡರಲ್ಲೂ ಒಂದು ಮಾತು ನಿಜ. ಕಾಯಿಲೆ ಹಾಗೇ ಇರುತ್ತದೆ. ಸಣ್ಣಗಾಗುವ ನಾಳ ಸಣ್ಣಗಾಗುತ್ತಲೇ ಹೋಗಬಹುದು. ಆಪರೇಷನ್ ಕೊಟ್ಟದ್ದು ರಕ್ತ ಬರುವ ಇನ್ನೊಂದು ದಾರಿ ಮಾತ್ರ.

ಸರಿ, ಲೆಕ್ಕಕ್ಕೆ ಬರೋಣ. ಆಪರೇಷನ್ ಇಲ್ಲದೆ ಬಿಟ್ಟರೆ ಏನಾಗುತ್ತದೆ? ಅಮೆರಿಕದ ಸೇಂಟ್ ಲೂಯಿಸ್‌ನಿಂದ 2006ರಲ್ಲಿ ಒಂದು ಸಣ್ಣ ವರದಿ ಬಂತು, 34 ಜನ ದೊಡ್ಡವರದು. ಮೆದುಳಿನ ಯಾವ ಬದಿಯಿಂದ ಒಮ್ಮೆ ಲಕ್ಷಣ ಬಂತೋ ಆ ಬದಿಗೆ ಬರೀ ಮಾತ್ರೆ ಕೊಟ್ಟರೆ, 5 ವರ್ಷದಲ್ಲಿ ಅದೇ ಬದಿಯಲ್ಲಿ ಮತ್ತೆ ಸ್ಟ್ರೋಕ್ ಆಗುವ ಸಾಧ್ಯತೆ ಶೇ. 65. ಆಪರೇಷನ್ ಆದ ಬದಿಯಲ್ಲಿ, ಆಪರೇಷನ್ ಸಮಯದ ಸ್ಟ್ರೋಕನ್ನೂ ಸೇರಿಸಿ, ಶೇ. 17. ಅಂತರ ದೊಡ್ಡದೇ. ಆದರೆ ಜನ ಕಡಿಮೆ. ಯಾರಿಗೆ ಆಪರೇಷನ್ ಅಂತ ಚೀಟಿ ಎತ್ತಿ ಆರಿಸಿದ್ದಲ್ಲ, ಡಾಕ್ಟರುಗಳೇ ಆರಿಸಿದ್ದು. ಗಟ್ಟಿ ಇದ್ದವರನ್ನೇ ಆಪರೇಷನ್‌ಗೆ ತೆಗೆದುಕೊಂಡಿದ್ದರೆ ಫಲಿತಾಂಶ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಇದನ್ನ ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ದೊಡ್ಡ ವರದಿ ಬಂದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಿಂದ, 2009ರಲ್ಲಿ. 329 ರೋಗಿಗಳು, 450 ಆಪರೇಷನ್‌ಗಳು. ಅವರಲ್ಲಿ 233 ಜನ ದೊಡ್ಡವರು. ಸರಾಸರಿ ಸುಮಾರು 5 ವರ್ಷ ಹಿಂಬಾಲಿಸಿ ನೋಡಿದ್ದಾರೆ. ಆಪರೇಷನ್ ಮಾಡಿದ ಪ್ರತಿ ಬದಿಗೆ ತೊಡಕು ಶೇ. 3.5, ಸಾವು ಶೇ. 0.7. ಆಪರೇಷನ್ ಸಮಯದ್ದೂ ಆಮೇಲಿನದ್ದೂ ಸೇರಿ 5 ವರ್ಷದಲ್ಲಿ ಸ್ಟ್ರೋಕ್ ಅಥವಾ ಸಾವಿನ ಸಾಧ್ಯತೆ ಶೇ. 5.5. ಬಂದು ಹೋಗುವ ಸೋಲು, ಅಂದ್ರೆ ಒಲೆ ಊದುವಾಗ ಆಗುತ್ತಿತ್ತಲ್ಲ ಅಂಥದ್ದು, ಇದ್ದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಒಂದು ವರ್ಷದ ಹೊತ್ತಿಗೆ ನಿಂತಿತ್ತು. ಇವು ಒಳ್ಳೆಯ ಅಂಕಿಗಳು. ಆದರೆ ಇಂಥ ಆಪರೇಷನ್ ನೂರಾರು ಮಾಡಿದ ಕೈಗಳ ಅಂಕಿಗಳು. ವರ್ಷಕ್ಕೆ ಒಂದೋ ಎರಡೋ ಮಾಡುವ ಕಡೆ ಇದೇ ಫಲಿತಾಂಶ ಬರಬೇಕು ಅಂತ ಕಾಯಬೇಡಿ. ಸರ್ಜನ್ ಹತ್ತಿರ ಹೋದಾಗ ‘ನೀವು ಇಂಥವು ಎಷ್ಟು ಮಾಡಿದ್ದೀರಿ?’ ಅಂತ ಕೇಳೋದು ಅಗೌರವ ಅಲ್ಲ. ಕೇಳಿ.

ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನವೂ ಇದೆ. ಅದು ರಕ್ತಸ್ರಾವ ಆದ ದೊಡ್ಡವರ ಮೇಲೆ, ಜಪಾನಿನಲ್ಲಿ. ಫಲಿತಾಂಶ ಬಂದದ್ದು 2014ರಲ್ಲಿ. ಒಟ್ಟು 80 ಜನ. ಇಷ್ಟೇನಾ ಅನ್ನಬಹುದು. ಆದರೆ ಅಪರೂಪದ ಕಾಯಿಲೆಯಲ್ಲಿ, ಮೆದುಳಿನಲ್ಲಿ ರಕ್ತಸ್ರಾವ ಆದವರನ್ನು ‘ನಿಮಗೆ ಆಪರೇಷನ್ ಉಂಟು, ನಿಮಗಿಲ್ಲ’ ಅಂತ ಒಪ್ಪಿಸಿ 80 ಜನರನ್ನು ಸೇರಿಸಲು ಅವರಿಗೆ ವರ್ಷಗಳೇ ಹಿಡಿದವು. 42 ಜನರಿಗೆ ಎರಡೂ ಬದಿ ನೇರ ಬೈಪಾಸ್ ಮಾಡಿದರು, 38 ಜನರಿಗೆ ಮಾಡಲಿಲ್ಲ. 5 ವರ್ಷ ನೋಡುವುದು ಅಂತ ಗೊತ್ತುಮಾಡಿದರು. ಬೈಪಾಸ್ ಆದವರಲ್ಲಿ 5 ಜನರಿಗೆ ಮತ್ತೆ ರಕ್ತಸ್ರಾವ ಆಯಿತು, ಆಗದವರಲ್ಲಿ 12 ಜನರಿಗೆ. ವರ್ಷದ ಲೆಕ್ಕದಲ್ಲಿ ಹೇಳಿದರೆ ಶೇ. 2.7 ಮತ್ತು ಶೇ. 7.6.

ಇಲ್ಲಿ ಸ್ವಲ್ಪ ನಿಲ್ಲೋಣ. ಶೇ. 2.7 ಅಂದ್ರೆ ಸೊನ್ನೆ ಅಲ್ಲ. ಬೈಪಾಸ್ ಆದಮೇಲೂ ವರ್ಷಕ್ಕೆ ನೂರರಲ್ಲಿ ಎರಡು ಮೂರು ಜನರಿಗೆ ಮತ್ತೆ ರಕ್ತಸ್ರಾವ. ಸಂಖ್ಯಾಶಾಸ್ತ್ರದ ಕಣ್ಣಿಂದ ನೋಡಿದರೆ, ಈ ಅಂತರ ಬರೀ ಅಕಸ್ಮಾತ್ ಬಂದದ್ದಲ್ಲ ಅಂತ ಹೇಳಲು ಹಾಕಿಕೊಂಡ ಗೆರೆಯ ಮೇಲೇ ಫಲಿತಾಂಶ ನಿಂತಿದೆ. ಕೆಲವರು ಇದನ್ನ ಗಟ್ಟಿ ಪುರಾವೆ ಅನ್ನುತ್ತಾರೆ, ಕೆಲವರು ಹಿಂಜರಿಯುತ್ತಾರೆ. ನನಗೆ ಇದು ನಂಬಿಕೆಗೆ ಸಾಕಾಗುವಷ್ಟಿದೆ. ಕಾರಣ, ಅದೇ ಅಧ್ಯಯನವನ್ನು ಆಮೇಲೆ ಬಿಡಿಸಿ ನೋಡಿದಾಗ ಒಂದು ಸಂಗತಿ ಸಿಕ್ಕಿತು. ಮೆದುಳಿನ ಹಿಂಭಾಗದ ಕಡೆ ರಕ್ತಸ್ರಾವ ಆದವರನ್ನು ಆಪರೇಷನ್ ಇಲ್ಲದೆ ಬಿಟ್ಟರೆ ಮತ್ತೆ ರಕ್ತಸ್ರಾವ ಆಗುವ ಅಪಾಯ ಬಹಳ. ಬೈಪಾಸ್‌ನ ಲಾಭವೂ ಅವರಿಗೇ ಬಹಳ. ಮುಂಭಾಗದಲ್ಲಿ ಆದವರಿಗೆ ಲಾಭ ಅಷ್ಟು ಎದ್ದು ಕಾಣಲಿಲ್ಲ. ಹಿಂಭಾಗಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಬಹಳ ದೂರ ಎಳೆದುಕೊಂಡು ಹೋಗಿ ಸೋತಿರುತ್ತವೆ. ಬೈಪಾಸ್ ಆದಮೇಲೆ ಆ ಭಾರ ಇಳಿದು ಅವು ಕುಗ್ಗುತ್ತವೆ. ಸ್ಕ್ಯಾನಿನಲ್ಲೂ ಅದು ಕಾಣುತ್ತದೆ. ಅಂಕಿ ಹೇಳುವುದೂ ಸ್ಕ್ಯಾನ್ ತೋರಿಸುವುದೂ ಒಂದೇ ಆದಾಗ ನನಗೆ ಧೈರ್ಯ ಬರುತ್ತದೆ.

ರಕ್ತ ಸಾಲದೆ ಲಕ್ವ ಆಗುವ ದೊಡ್ಡವರಲ್ಲಿ ಇಂಥ ಚೀಟಿ ಎತ್ತಿದ ದೊಡ್ಡ ಅಧ್ಯಯನ ಇಲ್ಲ. ಅಲ್ಲಿ ನಾವು ನಡೆಯುವುದು ಸ್ಟ್ಯಾನ್‌ಫರ್ಡ್‌ನಂಥ, ಜಪಾನ್, ಕೊರಿಯಾದಂಥ ಕಡೆಯ ಅನುಭವದ ಮೇಲೆ.

ಈ ಮಾತಿಗೆ ಇನ್ನೊಂದು ಸೇರಿಸಬೇಕು. ಮೊಬೈಲಿನಲ್ಲಿ ಹುಡುಕಿದ ಮಕ್ಕಳು ಬಂದು ಜಗಳ ಆಡುತ್ತಾರೆ: ‘ಈ ಬೈಪಾಸ್ ಉಪಯೋಗ ಇಲ್ಲ ಅಂತ ಅಮೆರಿಕದಲ್ಲೇ ಸಾಬೀತಾಗಿದೆಯಲ್ಲ ಸರ್?’ ಆಗಿದೆ, ಆದರೆ ಬೇರೆ ಕಾಯಿಲೆಯಲ್ಲಿ. 1985ರಲ್ಲಿ 1,377 ಜನರ ಅಧ್ಯಯನ, ಆಮೇಲೆ 2011ರಲ್ಲಿ ಇನ್ನೊಂದು. ಎರಡೂ ಕೊಬ್ಬು ಕಟ್ಟಿ ನಾಳ ಸಣ್ಣಗಾದವರ ಇಲ್ಲವೇ ಮುಚ್ಚಿದವರ ಮೇಲೆ. ಅವರಿಗೆ ಈ ಆಪರೇಷನ್‌ನಿಂದ ಲಾಭ ಆಗಲಿಲ್ಲ. ವಯಸ್ಸು, ನಾಳ, ಕಾಯಿಲೆಯ ದಾರಿ ಎಲ್ಲ ಬೇರೆ. ಆ ಫಲಿತಾಂಶ ತಂದು ಮೊಯಮೊಯಕ್ಕೆ ಅಂಟಿಸಬೇಡಿ.

ಆದರೆ 2011ರ ಆ ಅಧ್ಯಯನದಿಂದ ಕಲಿಯುವ ಪಾಠ ಒಂದಿದೆ. ಮೊದಲ 30 ದಿನದಲ್ಲಿ ಆಪರೇಷನ್ ಆದವರಲ್ಲಿ ಶೇ. 14ಕ್ಕೆ ಸ್ಟ್ರೋಕ್ ಆಯಿತು, ಆಗದವರಲ್ಲಿ ಶೇ. 2ಕ್ಕೆ. ಎರಡು ವರ್ಷ ಕಳೆಯುವ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಅಂದ್ರೆ ಆಪರೇಷನ್‌ನ ನಷ್ಟ ಎಲ್ಲ ಮೊದಲ ತಿಂಗಳಲ್ಲೇ, ಲಾಭ ಬರುವುದು ಮುಂದಿನ ವರ್ಷಗಳಲ್ಲಿ. ಬೋರ್‌ವೆಲ್ ಕೊರೆಸುವ ಲೆಕ್ಕ ನಿಮಗೆ ಗೊತ್ತು. ಲಕ್ಷಗಟ್ಟಲೆ ದುಡ್ಡು ಒಂದೇ ದಿನ ಹೋಗುತ್ತದೆ, ನೀರು ವರ್ಷಗಟ್ಟಲೆ ಬರಬೇಕು. ಇದ್ದ ಬಾವಿಯಲ್ಲೇ ಸಾಕಷ್ಟು ನೀರಿದ್ದರೆ ಯಾರೂ ಕೊರೆಸುವುದಿಲ್ಲ. ಮೊಯಮೊಯದಲ್ಲಿ ಬಾವಿ ಬತ್ತುತ್ತಿರುವುದು ಖಾತ್ರಿ ಆದಾಗ, ಕೊರೆಯುವ ಕೈ ಪಳಗಿದ್ದಾಗ, ಲೆಕ್ಕ ನಮ್ಮ ಕಡೆ ವಾಲುತ್ತದೆ. ಬತ್ತುತ್ತಿದೆಯೋ ಇಲ್ಲವೋ ಅಂತ ನೋಡುವುದಕ್ಕೇ ರಕ್ತದ ಹರಿವು ಅಳೆಯುವ ಸ್ಕ್ಯಾನ್ ಮಾಡಿಸುವುದು.

ಅದಕ್ಕೇ ಏನೂ ಲಕ್ಷಣ ಇಲ್ಲದವರಿಗೆ ಅವಸರ ಬೇಡ ಅನ್ನುತ್ತೇನೆ. ತಲೆನೋವಿಗೋ ತಲೆಸುತ್ತಿಗೋ ಎಂಆರ್‌ಐ ಮಾಡಿಸಿದಾಗ ಅಕಸ್ಮಾತ್ ಸಿಕ್ಕ ಕಾಯಿಲೆ ಇದ್ದರೆ? ಜಪಾನಿನಲ್ಲಿ ಇಂಥವರನ್ನು 5 ವರ್ಷ ಹಿಂಬಾಲಿಸಿ 2023ರಲ್ಲಿ ವರದಿ ಮಾಡಿದ್ದಾರೆ. ಸ್ಟ್ರೋಕ್ ಆದದ್ದು ವರ್ಷಕ್ಕೆ ಸುಮಾರು ಶೇ. 1.4ರಂತೆ. ಇಷ್ಟು ಕಡಿಮೆ ಅಪಾಯದ ಎದುರು ಆಪರೇಷನ್ ಟೇಬಲ್ಲಿನ ಅಪಾಯ ಹಾಕಿ ತೂಗಿ ನೋಡಬೇಕು. ಬಹಳ ಸಲ ಕಾಯುತ್ತಾ, ಬಿಪಿ ಹಿಡಿತದಲ್ಲಿಟ್ಟು, ವರ್ಷಕ್ಕೊಮ್ಮೆ ಸ್ಕ್ಯಾನ್ ನೋಡುವುದೇ ಸರಿ.

ಆ ಮೊದಲ ತಿಂಗಳ ಬಗ್ಗೆ ಮನೆಯವರಿಗೆ ಒಂದು ಎಚ್ಚರಿಕೆ. ಆಪರೇಷನ್ ಆದ ಎರಡನೇ ದಿನದಿಂದ ಒಂದು ವಾರದೊಳಗೆ ರೋಗಿ ಒಮ್ಮೆಲೇ ತೊದಲಬಹುದು, ಕೈ ಜೋಮು ಹಿಡಿಯಬಹುದು, ಫಿಟ್ಸ್ ಬರಬಹುದು. ಮನೆಯವರು ಹೆದರಿ ‘ಆಪರೇಷನ್ ಕೆಟ್ಟಿತು’ ಅಂತ ಗಲಾಟೆ ಮಾಡುತ್ತಾರೆ. ಎಷ್ಟೋ ಸಲ ಅದು ಉಲ್ಟಾ. ವರ್ಷಗಟ್ಟಲೆ ರಕ್ತ ಕಾಣದ ಜಾಗಕ್ಕೆ ಒಮ್ಮೆಲೇ ಜಾಸ್ತಿ ರಕ್ತ ನುಗ್ಗಿದಾಗ ಹೀಗಾಗುತ್ತದೆ. ಬಿಪಿಯನ್ನು ಹಿಡಿತದಲ್ಲಿಟ್ಟರೆ ಬಹಳ ಜನರಿಗೆ ಕೆಲವೇ ದಿನದಲ್ಲಿ ಸರಿಹೋಗುತ್ತದೆ. ಹಾಗಂತ ಸಣ್ಣದಲ್ಲ. ಕೆಲವರಿಗೆ ಇದರಿಂದಲೇ ರಕ್ತಸ್ರಾವ ಆಗುವುದೂ ಉಂಟು. ಊರಿಗೆ ಬರುವ ಅವಸರದಲ್ಲಿ ಬೇಗ ಡಿಸ್ಚಾರ್ಜ್ ಕೇಳಬೇಡಿ. ಇಲ್ಲಿಂದ ಹೈದರಾಬಾದ್ ನಾಲ್ಕೈದು ತಾಸಿನ ದಾರಿ, ಬೆಂಗಳೂರು ಒಂದು ರಾತ್ರಿಯ ರೈಲು. ದಾರಿಯಲ್ಲಿ ಹೀಗಾದರೆ ಏನು ಮಾಡುತ್ತೀರಿ?

ಇನ್ನು ಮನೆಗೆ ಬಂದಮೇಲೆ. ನಿಜ ಹೇಳಬೇಕೆಂದರೆ ನನಗೆ ಈ ಭಾಗವೇ ಮುಖ್ಯ. ಅಂಕಿಗಳೆಲ್ಲ ಆಸ್ಪತ್ರೆಯವರದು, ಈ ವರ್ಷಗಳು ನಿಮ್ಮವು.

ನೀರು. ಮೈಯಲ್ಲಿ ನೀರು ಕಡಿಮೆ ಆದರೆ ಬಿಪಿ ಇಳಿಯುತ್ತದೆ, ರಕ್ತ ದಪ್ಪ ಆಗುತ್ತದೆ, ಮೆದುಳಿಗೆ ಹರಿವು ಸಾಲದೆ ಹೋಗುತ್ತದೆ. ನಮ್ಮೂರ ಬೇಸಿಗೆಯಲ್ಲಿ ತೊಗರಿ ಹೊಲದಲ್ಲೋ ಕಲ್ಲಿನ ಕ್ವಾರಿಯಲ್ಲೋ ದುಡಿಯುವವರಿಗೆ ಇದು ಮಾತ್ರೆಯಷ್ಟೇ ಮುಖ್ಯ. ವಾಂತಿ ಭೇದಿ ಆದರೆ ಮನೆಯಲ್ಲೇ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ಸಲೈನ್ ಹಾಕಿಸಿ. ಶಿವರಾತ್ರಿ, ಶ್ರಾವಣ ಸೋಮವಾರ, ರಂಜಾನ್, ಯಾವ ಉಪವಾಸವೇ ಆಗಲಿ, ನೀರಿಲ್ಲದ ಉಪವಾಸ ಬೇಡ. ಕಾಯಿಲೆ ಇದ್ದವರಿಗೆ ರಿಯಾಯಿತಿ ಇದೆ ಅಂತ ಧರ್ಮ ಬಲ್ಲವರೇ ಹೇಳುತ್ತಾರೆ. ನನ್ನ ಹತ್ತಿರ ಬಂದವರಿಗೆ ನಾನು ‘ಸ್ವಾಮಿಗಳನ್ನ ಕೇಳಿ, ಮೌಲಾನಾರನ್ನ ಕೇಳಿ, ಆಮೇಲೆ ನನ್ನ ಮಾತು ನಂಬಿ’ ಅನ್ನುತ್ತೇನೆ. ಇಲ್ಲಿಯವರೆಗೆ ಯಾರೂ ನನ್ನ ವಿರುದ್ಧ ತೀರ್ಪು ಕೊಟ್ಟಿಲ್ಲ.

ರುಮಾಲು. ಇದನ್ನ ಬೆಂಗಳೂರಿನ ಡಿಸ್ಚಾರ್ಜ್ ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ. ಹೊಲಿದ ನಾಳ ಕಿವಿಯ ಮುಂದಿನಿಂದ ಚರ್ಮದ ಕೆಳಗೇ ಮೇಲೆ ಹೋಗುತ್ತದೆ. ಅದರ ಮೇಲೆ ಬಿಗಿಯಾಗಿ ರುಮಾಲು ಸುತ್ತಿದರೆ, ತಲೆನೋವಿಗೆ ಅಂತ ಪಟ್ಟಿ ಕಟ್ಟಿದರೆ, ಬಿಗಿ ಕನ್ನಡಕದ ಕಡ್ಡಿ ಒತ್ತಿದರೆ ಆ ನಾಳವೇ ಒತ್ತಿಹೋಗುತ್ತದೆ. ಸಡಿಲವಾಗಿ ಸುತ್ತಿ. ಹೆಲ್ಮೆಟ್ ಬಿಡಬೇಡಿ ಮತ್ತೆ! ಒತ್ತದ ಅಳತೆಯದ್ದು ಕೊಳ್ಳಿ.

ಆಸ್ಪಿರಿನ್. ರಕ್ತ ಸಾಲದ ಬಗೆಯ ರೋಗಿಗಳಿಗೆ ಬಹಳ ಸಲ ವರ್ಷಗಟ್ಟಲೆ ಕೊಡುತ್ತೇವೆ. ಹಲ್ಲು ಕೀಳಿಸಲು ಹೋದಾಗ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ರಕ್ತಸ್ರಾವ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಪಕ್ಕದ ಮನೆಯವರ ಚೀಟಿ ನೋಡಿ ನುಂಗಬೇಡಿ. ಬಿಪಿ, ಸಕ್ಕರೆ ಹಿಡಿತದಲ್ಲಿರಲಿ. ಬೀಡಿ, ಸಿಗರೇಟು, ಗುಟ್ಕಾ ಬಿಡಿ. ಇದಕ್ಕೆ ಭಾಷಣ ಬೇಡ.

ಈಗ ಸ್ಕ್ಯಾನಿನಲ್ಲಿ ಕಾಣದ ತೊಂದರೆ. ಡಾಕ್ಟರುಗಳು ರೋಗಿ ಹೇಗಿದ್ದಾನೆ ಅಂತ ಅಳೆಯಲು 0ಯಿಂದ 6ರವರೆಗಿನ ಒಂದು ಅಳತೆ ಬಳಸುತ್ತೇವೆ. 0 ಅಂದ್ರೆ ಏನೂ ತೊಂದರೆ ಇಲ್ಲ, 6 ಅಂದ್ರೆ ಸಾವು. ವರದಿಗಳಲ್ಲಿ ಬೈಪಾಸ್ ಆದ ಬಹಳ ಜನ 0 ಅಥವಾ 1ರಲ್ಲಿ ಇರುತ್ತಾರೆ. ನಡೆಯುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ. ಇಲ್ಲಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಕಿರಾಣಿ ಅಂಗಡಿ ಇಟ್ಟ ಒಬ್ಬರು ನನ್ನ ಲೆಕ್ಕದಲ್ಲಿ 1. ಆದರೆ ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಬೇಳೆ ತೂಗುವಾಗ ಇನ್ನೊಬ್ಬ ‘ನನಗೆ ಚಿಲ್ಲರೆ’ ಅಂದರೆ ಮುಗೀತು. ಯಾರಿಗೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಉದ್ರಿ ಖಾತೆಯಲ್ಲಿ ಒಂದೇ ಹೆಸರಿಗೆ ಎರಡು ಸಲ ಬರೆಯುತ್ತಾರೆ. ಸಂಜೆ ನಾಲ್ಕಕ್ಕೆ ಸುಸ್ತು. ಮಗ ‘ಅಪ್ಪ ಬೇಕಂತಲೇ ಮಾಡ್ತಾರೆ’ ಅಂದ. ಬೇಕಂತ ಅಲ್ಲ. ಮೆದುಳಿನ ಮುಂಭಾಗಕ್ಕೆ ವರ್ಷಗಟ್ಟಲೆ ರಕ್ತ ಸಾಲದೆ ಇದ್ದುದರ ಫಲ ಅದು. ಗಮನ ಇಡುವುದು, ಎರಡು ಕೆಲಸ ಒಟ್ಟಿಗೆ ಮಾಡುವುದು, ಯೋಚಿಸಿ ನಿರ್ಧಾರ ಮಾಡುವುದು ಇವೆಲ್ಲ ಆ ಭಾಗದ ಕೆಲಸ. ಬೈಪಾಸ್‌ನಿಂದ ಇದು ಕೆಲವರಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ಅಲ್ಲೇ ನಿಲ್ಲುತ್ತದೆ. ಮುಂದೆ ಕೆಡದಂತೆ ತಡೆಯುವುದನ್ನೇ ಅದರ ಲಾಭ ಅಂತ ಎಣಿಸಿ, ಹೋದದ್ದನ್ನೆಲ್ಲ ಮರಳಿ ತರುತ್ತದೆ ಅಂತ ಅಲ್ಲ. ಆ ಅಂಗಡಿಯಲ್ಲಿ ಈಗ ಲೆಕ್ಕ ಸೊಸೆಯದು, ತೂಕ ಮಾವನದು. ಅಷ್ಟು ಬದಲಾಯಿಸಿದ್ದಕ್ಕೇ ಮನೆಯ ಅರ್ಧ ಜಗಳ ನಿಂತಿತು.

ತಲೆನೋವೂ ಎಷ್ಟೋ ಜನರಿಗೆ ಪೂರ್ತಿ ಹೋಗುವುದಿಲ್ಲ. ಅದು ಬೈಪಾಸ್ ಮುಚ್ಚಿದ ಗುರುತು ಅಂತ ಪ್ರತಿ ಸಲ ಹೆದರಬೇಡಿ. ಹಿಂದೆಂದೂ ಬಾರದಂಥ ತಲೆನೋವು ಒಮ್ಮೆಲೇ ಬಂದರೆ, ಜೊತೆಗೆ ವಾಂತಿ, ಮಂಪರು ಇದ್ದರೆ ಮಾತ್ರ 108ಕ್ಕೆ ಫೋನ್ ಮಾಡಿ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ಮೊಯಮೊಯ ಇದೆ, ಇಂಥ ವರ್ಷ ಇಂಥ ಬದಿ ಬೈಪಾಸ್ ಆಗಿದೆ, ಇಂಥ ಮಾತ್ರೆ ನಡೀತಿದೆ ಅಂತ. ರಾತ್ರಿ ಪಾಳಿಯ ಡಾಕ್ಟರ್ ಮೊಯಮೊಯ ನೋಡಿಯೇ ಇರಲಿಕ್ಕಿಲ್ಲ. ಸ್ಟ್ರೋಕಿಗೆ ಕೊಡುವ ರಕ್ತ ಕರಗಿಸುವ ಇಂಜೆಕ್ಷನ್ ಇವರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಬೇಕು. ಆ ಚೀಟಿ ಅವರನ್ನು ಯೋಚಿಸುವಂತೆ ಮಾಡುತ್ತದೆ.

ಇಲ್ಲಿಗೆ ನನ್ನ ಮಾತು ಸಾಕು. ಕೇಳಿ.

*‘ಹೃದಯಕ್ಕೆ ಹಾಕ್ತಾರಲ್ರೀ, ಹಂಗ ಇದಕ್ಕೂ ಸ್ಟೆಂಟ್ ಹಾಕಿದ್ರ ಆಗಲ್ಲೇನು? ಬುರುಡೆ ಬಿಚ್ಚೋದು ತಪ್ತದ.’*

ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದ್ದಾರೆ. ಇಲ್ಲಿ ಗೋಡೆಯೇ ದಪ್ಪ ಆಗುತ್ತಾ ಹೋಗುವ ಕಾಯಿಲೆ, ಸ್ಟೆಂಟ್ ಒಳಗೂ ಮತ್ತೆ ಮುಚ್ಚಿಕೊಳ್ಳುತ್ತದೆ. ರಕ್ತಸ್ರಾವ ಆದದ್ದೂ ಉಂಟು. ಹಾಗಾಗಿ ಶಿಫಾರಸು ಇಲ್ಲ.

*‘ನನ್ನ ತಂಗಿಗೆ ಒಂದು ಕಡೆ ಮಾತ್ರ ಆಪರೇಷನ್ ಆಗಿದೆ. ಇನ್ನೊಂದು ಕಡೆ?’*

ಎರಡೂ ಬದಿ ಕಾಯಿಲೆ ಇದ್ದು ಎರಡೂ ಕಡೆ ರಕ್ತ ಸಾಲದಿದ್ದರೆ ಕೆಲವು ವಾರ ಅಥವಾ ತಿಂಗಳ ಅಂತರದಲ್ಲಿ ಇನ್ನೊಂದು ಕಡೆಗೂ ಮಾಡುತ್ತಾರೆ. ಒಂದೇ ಬದಿ ಇದ್ದರೂ ಇನ್ನೊಂದು ಬದಿಗೆ ಮುಂದೆ ಬರುವ ಸಾಧ್ಯತೆ ಇದೆ. ಆ ಬದಿಯನ್ನೂ ಸ್ಕ್ಯಾನಿನಲ್ಲಿ ನೋಡುತ್ತಲೇ ಇರಬೇಕು.

*‘ಮಗು ಮಾಡಿಕೊಳ್ಳಬಹುದಾ?’*

ಬಹಳ ಜನ ಸುರಕ್ಷಿತವಾಗಿ ಹೆತ್ತಿದ್ದಾರೆ. ಗರ್ಭ ನಿಲ್ಲುವ ಮೊದಲೇ ನಮ್ಮನ್ನೂ ಹೆರಿಗೆ ಡಾಕ್ಟರನ್ನೂ ಕಾಣಿ. ಬಿಪಿ ಏರಬಾರದು, ಇಳಿಯಲೂಬಾರದು. ಹೆರಿಗೆ ಯಾವ ರೀತಿ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಹಳ್ಳಿಯ ಮನೆಯಲ್ಲಿ ಮಾತ್ರ ಬೇಡ. ಗರ್ಭ ತಡೆಯುವ ಮಾತ್ರೆಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟಿಸುತ್ತವೆ. ಅಂಗಡಿಯಿಂದ ಸುಮ್ನೆ ತಂದು ನುಂಗಬೇಡಿ.

*‘ಮಕ್ಕಳಿಗೂ ಬರುತ್ತಾ?’*

ಜಪಾನಿನಲ್ಲಿ ನೂರಕ್ಕೆ 10–15 ರೋಗಿಗಳ ಕುಟುಂಬದಲ್ಲಿ ಇನ್ನೊಬ್ಬರಿಗೆ ಇದೆ. 2011ರಲ್ಲಿ ಅಲ್ಲಿನವರು ಆರ್‌ಎನ್‌ಎಫ್ 213 ಎಂಬ ಜೀನಿನಲ್ಲಿ ಒಂದು ಬದಲಾವಣೆ ಕಂಡುಹಿಡಿದರು. ಆದರೆ ಅದು ಇದ್ದವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ಮಗುವಿಗೆ ಪದೇ ಪದೇ ತಲೆನೋವು, ಅತ್ತಾಗ ಕೈಕಾಲು ಸೋಲುವುದು ಇದ್ದರೆ ಎಂಆರ್‌ಐ ಮಾಡಿಸೋಣ. ಏನೂ ಇಲ್ಲದೆ ಇದ್ದರೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ.

*‘ಖರ್ಚು?’*

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ನಿಮ್ಮ ಕೇಸು ಯಾವುದರಲ್ಲಿ ಬರುತ್ತದೆ ಅಂತ ಹೋಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಕೂರುವ ಆರೋಗ್ಯಮಿತ್ರರನ್ನು ಕೇಳಿ, ಇಲ್ಲಿಯ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಜೊತೆಗಿರಲಿ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಇಂಥ ಸರ್ಕಾರಿ ಸಂಸ್ಥೆಗಳಲ್ಲೂ ಈ ಆಪರೇಷನ್ ಆಗುತ್ತದೆ. ಕಾಯಬೇಕಾಗಬಹುದು. ನಿಜವಾಗಿ ಜನರನ್ನು ಹಣ್ಣು ಮಾಡುವುದು ಆಪರೇಷನ್ ಖರ್ಚಲ್ಲ, ಪದೇ ಪದೇ ಹೋಗಿಬರುವ ಖರ್ಚು. ವರ್ಷದ ಸ್ಕ್ಯಾನನ್ನು ಇಲ್ಲೇ ಮಾಡಿಸಿ ಅಲ್ಲಿಗೆ ಕಳಿಸಬಹುದಾ ಅಂತ ಸರ್ಜನ್‌ರನ್ನು ಕೇಳಿ. ಒಪ್ಪುತ್ತಾರೆ.

*‘ಅವ್ವಗ ಬೈಪಾಸ್ ಆಗಿ ಹತ್ತು ವರ್ಷ ಆಯ್ತು. ಏನೂ ಆಗಿಲ್ಲ. ಇನ್ನೂ ಸ್ಕ್ಯಾನ್ ಬೇಕಾ?’*

ಬೇಕು. ಹೊಲಿದ ನಾಳ ಬಹಳ ಜನರಲ್ಲಿ ಹತ್ತು ವರ್ಷ ದಾಟಿಯೂ ತೆರೆದೇ ಇರುತ್ತದೆ, ಅದು ಸಮಾಧಾನದ ಸಂಗತಿ. ಆದರೆ ಜಪಾನಿನಲ್ಲಿ ಚಿಕ್ಕಂದಿನಲ್ಲಿ ಬೈಪಾಸ್ ಆದವರಲ್ಲಿ ಕೆಲವರಿಗೆ ದಶಕಗಳ ಮೇಲೆ ರಕ್ತಸ್ರಾವ ಆಗಿದೆ. ಮೆದುಳಿನ ಹಿಂಭಾಗದ ನಾಳಕ್ಕೂ ಕಾಯಿಲೆ ನಿಧಾನವಾಗಿ ಹಬ್ಬಬಹುದು. ಮೊದಲಿನಷ್ಟು ಪದೇ ಪದೇ ಬೇಡ, ಒಂದೆರಡು ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ನಾಳದ ಚಿತ್ರ ಸಾಕು. ಬಿಪಿ ಮಾತ್ರ ತಿಂಗಳಿಗೊಮ್ಮೆ ನೋಡಿಸಿ. ಬರುವಾಗ ಹಳೆಯ ಸಿಡಿಗಳನ್ನೆಲ್ಲ ತನ್ನಿ, ಆಪರೇಷನ್ ಮುಂಚಿನದನ್ನೂ. ರಿಪೋರ್ಟ್ ಕಾಗದ ಒಂದೇ ತಂದರೆ ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ನೋಡಲು ಆಗುವುದಿಲ್ಲ.